ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟ ಮನುಷ್ಯ: ರಾಬರ್ಟ್ ಬ್ರೂಸ್ ಫೂಟ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ಮೊದಲು ನಾನು ಹಿಂದೇಟು ಹಾಕಿದೆ. ಬಿ.ಇ. ಮುಗಿಸಿ ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುವುದು ಅಷ್ಟು ಸುಲಭವಲ್ಲ. ನನ್ನ ನೌಕರಿಯ ಬಗ್ಗೆ ಬರೆದರೆ ಊರಿನವರಿಗೆ ಬೇಸರ, ಊರಿನ ಬಗ್ಗೆ ಬರೆಯಲು ನನಗಿಂತ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಕೊನೆಗೆ ನಮ್ಮ ಶಾಲೆಯ ವರಾಂಡದ ಫರಸಿ ನೆನಪಾಯಿತು. ಆ ಫರಸಿಯಿಂದ ಶುರುವಾದ ಒಂದು ಹುಡುಕಾಟ ನನ್ನನ್ನು ನೂರು ವರ್ಷದ ಹಿಂದೆ ತೀರಿಹೋದ ಒಬ್ಬ ಮನುಷ್ಯನ ಹತ್ತಿರ ಕರೆದುಕೊಂಡು ಹೋಯಿತು. ಆ ಕಥೆಯನ್ನೇ ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಸರ್ ಒಂದು ದಿನ ಜೀವವಿಕಾಸದ ಪಾಠ ಮಾಡುತ್ತ ಬೋರ್ಡಿನ ಮೇಲೆ ಟ್ರೈಲೋಬೈಟ್ ಎಂಬ ಪ್ರಾಣಿಯ ಚಿತ್ರ ಬರೆದರು. ನೋಡಲು ಗೋಣಿಚೀಲದ ಕೆಳಗೆ ಸಿಗುವ ಹುಳುವಿನ ಹಾಗೆ. ಅಗಲವಾದ ತಲೆ, ನಡುವೆ ಅಡ್ಡ ಪಟ್ಟಿಗಳು, ಹಿಂದೆ ಚಿಕ್ಕ ಬಾಲ, ಉದ್ದಕ್ಕೆ ನೋಡಿದರೆ ಮೂರು ಭಾಗ. ಸಮುದ್ರದಲ್ಲಿದ್ದ ಈ ಪ್ರಾಣಿಗಳು ಈಗ ಒಂದೂ ಉಳಿದಿಲ್ಲ, ಸುಣ್ಣದ ಕಲ್ಲಿನಲ್ಲಿ ಅವುಗಳ ಗುರುತು ಮಾತ್ರ ಸಿಗುತ್ತದೆ ಎಂದರು. ನಮ್ಮ ವರಾಂಡಕ್ಕೆ ಹಾಸಿದ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ ಎಂದು ಅವರೇ ಹೇಳಿದ್ದರು. ಇನ್ನೇನು ಬೇಕು! ಮಧ್ಯಾಹ್ನದ ಬಿಸಿಯೂಟ ಮುಗಿಸಿ ನಾಲ್ಕೈದು ಜನ ಮೊಣಕಾಲೂರಿ ಇಡೀ ವರಾಂಡ ಹುಡುಕಿದೆವು. ಹುಳು ಸಿಗಲಿಲ್ಲ. ಆದರೆ ಹಿತ್ತಲಲ್ಲಿ ಬಿದ್ದಿದ್ದ ಒಂದು ಒಡೆದ ಫರಸಿಯ ಪದರದಲ್ಲಿ ಸಣ್ಣ ಜರಿಗಿಡದಂಥ ಕಪ್ಪು ಚಿತ್ತಾರ ಕಂಡಿತು. ಎತ್ತಿಕೊಂಡು ಸರ್ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದು ಇದು ಏನು ಎಂದಲ್ಲ, ಎಲ್ಲಿ ಸಿಕ್ಕಿತು ಎಂದು. ಆಮೇಲೆ ನಕ್ಕು, ಇದು ಗಿಡವಲ್ಲ, ಕಲ್ಲಿನ ಸಂದಿಯಲ್ಲಿ ನೀರು ಇಳಿದಾಗ ಮ್ಯಾಂಗನೀಸ್ ಹೀಗೆ ಕವಲೊಡೆದು ಕೂರುತ್ತದೆ, ಎಷ್ಟೋ ಜನ ಮೋಸ ಹೋಗುತ್ತಾರೆ ಎಂದು ತಿಳಿಸಿದರು.

ಅದೇ ವರ್ಷ ನಾನು ಇನ್ನೊಂದು ಕಲ್ಲನ್ನೂ ತಂದುಕೊಟ್ಟಿದ್ದೆ. ಅಂಗೈಯಷ್ಟು ಉದ್ದ, ಹಸಿರು ಮಿಶ್ರಿತ ಕಪ್ಪು ಬಣ್ಣ, ಒಂದು ತುದಿ ಕೊಡಲಿಯ ಬಾಯಿಯ ಹಾಗೆ ತೆಳ್ಳಗೆ ಉಜ್ಜಿದ್ದು. ಸರ್ ಅದನ್ನು ಪ್ರಯೋಗಶಾಲೆಯ ಕಪಾಟಿನಲ್ಲಿಟ್ಟರು. ಒಂದು ಚೀಟಿ ಬರೆದು ಅಂಟಿಸು ಎಂದು ಹೇಳಿದರು. ನಾಳೆ ಬರೆಯುತ್ತೇನೆ ಸರ್ ಎಂದೆ. ಆ ಕಲ್ಲಿನ ವಿಷಯ ಕೊನೆಗೆ ಹೇಳುತ್ತೇನೆ.

ನಮ್ಮ ಫರಸಿಯಲ್ಲಿ ಟ್ರೈಲೋಬೈಟ್ ಏಕೆ ಸಿಗಲಿಲ್ಲ ಎನ್ನುವುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಟ್ರೈಲೋಬೈಟ್‌ಗಳು ಕಾಣಿಸಿಕೊಂಡದ್ದು ಸುಮಾರು 52 ಕೋಟಿ ವರ್ಷಗಳ ಹಿಂದೆ, ಪೂರ್ತಿ ಅಳಿದದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣದ ಕಲ್ಲು, ಭೀಮಾ ತೀರದ ಶಹಾಬಾದ್ ಕಲ್ಲು ಎರಡೂ ಅದಕ್ಕಿಂತ ಮೊದಲೇ ಸಮುದ್ರದ ತಳದಲ್ಲಿ ಕೂತವು. ಮನೆ ಕಟ್ಟಿ ಮುಗಿದ ಮೇಲೆ ಹುಟ್ಟಿದ ಮಗುವಿನ ಹೆಜ್ಜೆಗುರುತನ್ನು ಆ ಮನೆಯ ಅಡಿಪಾಯದಲ್ಲಿ ಹುಡುಕಿದ ಹಾಗಾಗಿತ್ತು ನಮ್ಮ ಕಥೆ. ಈ ಉತ್ತರದ ಬೆನ್ನು ಹತ್ತಿ ಹಳೆಯ ಪುಸ್ತಕಗಳನ್ನು ತಿರುವಿದಾಗ ಮತ್ತೆ ಮತ್ತೆ ಎದುರಾದ ಹೆಸರು ರಾಬರ್ಟ್ ಬ್ರೂಸ್ ಫೂಟ್. ಕಲಾದಗಿ ಕಲ್ಲುಗಳಿಗೆ ಆ ಹೆಸರು ಕೊಟ್ಟವರು ಅವರೇ. ನಮ್ಮ ಸೀಮೆಯ ಬಂಡೆಗಳಿಗೆ ಧಾರವಾಡದ ಹೆಸರಿಟ್ಟು ಅದನ್ನು ಜಗತ್ತಿನ ಪುಸ್ತಕಗಳಿಗೆ ಸೇರಿಸಿದವರೂ ಅವರೇ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರ ಕೊನೆಗೆ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಆ ಇಲಾಖೆ ಥಾಮಸ್ ಓಲ್ಡ್‌ಹ್ಯಾಮ್ ಅವರ ಕೈಯಲ್ಲಿ 1851ರಲ್ಲಿ ಶುರುವಾಗಿತ್ತು. ಕಲ್ಲಿದ್ದಲು ಎಲ್ಲಿದೆ, ಕಬ್ಬಿಣ ಎಲ್ಲಿದೆ, ಚಿನ್ನ ಎಲ್ಲಿದೆ ಎಂದು ತಿಳಿದುಕೊಳ್ಳುವುದು ಸರ್ಕಾರದ ಉದ್ದೇಶ. ಪರದೇಶದ ಸರ್ಕಾರ ನಮ್ಮ ನೆಲದ ಲೆಕ್ಕ ಹಾಕುತ್ತಿತ್ತು ಎನ್ನುವುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಆ ಕೆಲಸಕ್ಕೆಂದು ಬಂದವರಲ್ಲಿ ಕೆಲವರು ಸಂಬಳಕ್ಕಿಂತ ಹೆಚ್ಚು ನೋಡಿದರು. ಫೂಟ್ ಅಂಥವರು.

ಅವರಿಗೆ ಮದ್ರಾಸ್ ಪ್ರಾಂತ್ಯದ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಯುರೋಪಿನಲ್ಲಿ ಒಂದು ದೊಡ್ಡ ವಾದ ನಡೆದಿತ್ತು. ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ, ಅಳಿದುಹೋದ ಪ್ರಾಣಿಗಳ ಮೂಳೆಯ ಜೊತೆ ಮನುಷ್ಯರು ಕೆತ್ತಿದ ಕಲ್ಲುಗಳು ಸಿಕ್ಕಿವೆ ಎಂದು ಬೂಷೆ ದ ಪೆರ್ತ್ ಎಂಬವರು ವರ್ಷಗಟ್ಟಲೆ ಹೇಳುತ್ತಿದ್ದರು, ಯಾರೂ ನಂಬಿರಲಿಲ್ಲ. 1859ರಲ್ಲಿ ಇಂಗ್ಲೆಂಡಿನ ಪಂಡಿತರು ಹೋಗಿ ನೋಡಿ ಒಪ್ಪಿಕೊಂಡರು. ಮನುಷ್ಯ ನಿನ್ನೆ ಮೊನ್ನೆಯವನಲ್ಲ ಎಂದಾಯಿತು. ಭಾರತದಲ್ಲೂ ಹಾಗೆಯೇ ಇರಬಹುದೆ ಎಂದು ಕಣ್ಣಿಟ್ಟು ನಡೆಯುತ್ತಿದ್ದ ಫೂಟ್ ಅವರಿಗೆ 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಸಿಪಾಯಿಗಳ ಕವಾಯತು ಮೈದಾನದ ಪಕ್ಕದ ಗರಸಿನ ಗುಂಡಿಯಲ್ಲಿ, ಮನುಷ್ಯ ಕೆತ್ತಿದ ಒಂದು ಕಲ್ಲು ಸಿಕ್ಕಿತು. ಭಾರತದ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದು ಆ ಗುಂಡಿಯಿಂದ. ಕೆಲವು ತಿಂಗಳಲ್ಲಿ ಜೊತೆಗಾರ ವಿಲಿಯಂ ಕಿಂಗ್ ಮತ್ತು ಅವರು ಕೂಡಿ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ದೊಡ್ಡ ನೆಲೆ ಕಂಡುಹಿಡಿದರು. ಆ ನೆಲೆಯ ಆಯುಧಗಳು 15 ಲಕ್ಷ ವರ್ಷದಷ್ಟು ಹಳೆಯವು ಎಂದು 2011ರಲ್ಲಿ ಸಂಶೋಧಕರ ತಂಡವೊಂದು ಪ್ರಕಟಿಸಿತು. ಫೂಟ್ ಜಾಗವನ್ನು ಸರಿಯಾಗಿ ಬರೆದಿಡದಿದ್ದರೆ ನೂರೈವತ್ತು ವರ್ಷದ ನಂತರ ಅವರು ಎಲ್ಲಿ ಅಗೆಯಬೇಕಿತ್ತು?

ನಮ್ಮ ಕಡೆಗೆ ಅವರು ಬಂದದ್ದು 1870ರ ಆಸುಪಾಸಿನಲ್ಲಿ. ಆಗ ಈ ಭಾಗವನ್ನು ಇಂಗ್ಲಿಷರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಮಾತನಾಡುವವರು ಕನ್ನಡಿಗರು, ಹೆಸರು ಮಾತ್ರ ಮರಾಠಾ ಸೀಮೆ! ಆಗ ಶಿಗ್ಗಾಂವಿ ಬಂಕಾಪುರ ತಾಲೂಕಿನ ಠಾಣೆ, ಹಿರೇಕೆರೂರು ಕೋಡ ತಾಲೂಕಿನಲ್ಲಿತ್ತು, ಹಾನಗಲ್ಲ ತಾನೇ ಒಂದು ತಾಲೂಕು, ಸವಣೂರಿಗೆ ನವಾಬರಿದ್ದರು. ರೈಲು ಇನ್ನೂ ಬಂದಿರಲಿಲ್ಲ. ಸರ್ವೇಕ್ಷಣೆಯವರು ಮಳೆಗಾಲ ಮುಗಿದ ಮೇಲೆ ಡೇರೆ, ಬಂಡಿ, ಕುದುರೆ ಕಟ್ಟಿಕೊಂಡು ಹೊರಟರೆ ಬೇಸಿಗೆ ಬಿಸಿಲೇರುವವರೆಗೂ ಊರೂರು ಅಲೆಯುವುದು, ಮಳೆ ಹಿಡಿದಾಗ ಕಚೇರಿಯಲ್ಲಿ ಕೂತು ನಕ್ಷೆ ಮಾಡುವುದು, ಬರೆಯುವುದು. ಹಳ್ಳದ ದಂಡೆ, ಬಾವಿ ತೋಡಿದ ಮಣ್ಣು, ಗುಡ್ಡದ ಕಡಿದ ಮೈ, ಹೊಸ ರಸ್ತೆಗೆ ಅಗೆದ ಗರಸು ಇವೇ ಅವರ ಪುಸ್ತಕ. ಡೇರೆ ಹೊಡೆದವರು, ಬಂಡಿ ಹೂಡಿದವರು, ಸಾಹೇಬರೇ ಆ ಹಳ್ಳದಾಗ ನೋಡ್ರಿ ಎಂದು ಕೈ ತೋರಿಸಿದ ರೈತರು ಎಷ್ಟು ಜನವೋ. ಅವರ ಹೆಸರುಗಳನ್ನೂ ಅದೇ ಶ್ರದ್ಧೆಯಿಂದ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿದೆ.

ಈ ತಿರುಗಾಟದ ಫಲವಾಗಿ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಅವರ ದೊಡ್ಡ ಗ್ರಂಥ ಇಲಾಖೆಯ ಮೆಮಾಯರ್ ಮಾಲೆಯ 12ನೇ ಸಂಪುಟವಾಗಿ ಬಂತು. ಕಲಾದಗಿಯ ಮರಳುಗಲ್ಲು, ಸುಣ್ಣದ ಕಲ್ಲು, ಜೇಡಿಗಲ್ಲುಗಳ ಪದರಗಳನ್ನು ಒಂದರ ಮೇಲೊಂದು ಅವರು ವಿಂಗಡಿಸಿದರು. ಆ ಪದರಗಳಲ್ಲಿ ಅವರಿಗೆ ಪ್ರಾಣಿಗಳ ಪಳೆಯುಳಿಕೆ ಸಿಗಲಿಲ್ಲ. ಪಳೆಯುಳಿಕೆ ಸಿಕ್ಕರೆ ಕಲ್ಲಿನ ವಯಸ್ಸು ಹೇಳುವುದು ಸುಲಭ, ಸಿಗದಿದ್ದರೆ ಪದರಗಳ ಮೇಲುಕೆಳಗು ನೋಡಿಯೇ ಹೇಳಬೇಕು. ಇಲ್ಲದ್ದನ್ನು ಇದೆ ಎನ್ನಲು ಅವರು ಹೋಗಲಿಲ್ಲ. ಆಮೇಲಿನ ಕಾಲದಲ್ಲಿ ಕಲಾದಗಿ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಗುರುತುಗಳು ಪತ್ತೆಯಾದವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪಾಚಿಯ ಹಾಗೆ ಪದರ ಕಟ್ಟಿ ಬೆಳೆದ ಗುರುತು ಅದು. ಕತ್ತರಿಸಿ ನೋಡಿದರೆ ಎಲೆಕೋಸಿನ ಹಾಗೆ ಸುತ್ತುಸುತ್ತಾಗಿ ಕಾಣುತ್ತದೆ. ಹಿರೇಕೆರೂರಿನವರಿಗೆ ತೀರ ದೂರವಲ್ಲದ ಶಿವಮೊಗ್ಗ ಜಿಲ್ಲೆಯ ಕುಮ್ಸಿಯ ಸುಣ್ಣದ ಕಲ್ಲಿನಲ್ಲೂ ಅವಿವೆ, ಅವಂತೂ ಇನ್ನೂ ಹಳೆಯವು. ಅಂದರೆ ನಮ್ಮ ಸುಣ್ಣದ ಕಲ್ಲಿನಲ್ಲಿ ಜೀವ ಇತ್ತು, ಆದರೆ ಅದಕ್ಕೆ ಇನ್ನೂ ತಲೆ ಬಾಲ ಬಂದಿರಲಿಲ್ಲ.

ಪಳೆಯುಳಿಕೆ ಸಿಗದ ಸೀಮೆಯಲ್ಲಿ ಫೂಟ್ ಅವರಿಗೆ ಒಂದು ಸಿಕ್ಕೇ ಸಿಕ್ಕಿತು, ಅದೂ ಹೊಸ ಪ್ರಭೇದ. ಸಿಕ್ಕಿದ್ದು ಸುಣ್ಣದ ಕಲ್ಲಿನಲ್ಲಿ ಅಲ್ಲ, ಗೋಕಾಕದ ಹತ್ತಿರ ಘಟಪ್ರಭಾ ಕಣಿವೆಯ ಜೇಡಿಮಣ್ಣಿನಲ್ಲಿ, ಅವರ ಕಾಗುಣಿತದಲ್ಲಿ ಚಿಕ್‌ದೌಲಿ ಎಂದಿರುವ ಹಳ್ಳಿಯಲ್ಲಿ. ಹಲ್ಲು, ಮೂಳೆಗಳ ತುಂಡುಗಳು. ದನದ್ದಿರಬಹುದು, ಎಮ್ಮೆಯದ್ದಿರಬಹುದು ಎಂದು ನಾವಾದರೆ ಹಳ್ಳಕ್ಕೆ ಬಿಸಾಡುತ್ತಿದ್ದೆವು. ಆದರೆ ದನದ ದವಡೆಹಲ್ಲಿನ ಮೇಲ್ಮೈಯಲ್ಲಿ ಅರ್ಧಚಂದ್ರದಂಥ ಗೆರೆಗಳಿರುತ್ತವೆ. ಈ ಹಲ್ಲುಗಳಲ್ಲಿ ಹೊರಗಡೆ ಒಂದು ಉದ್ದನೆಯ ಏಣು, ಅದರಿಂದ ಒಳಕ್ಕೆ ಎರಡು ಅಡ್ಡ ಏಣು. ಅದು ಘೇಂಡಾಮೃಗದ ಹಲ್ಲಿನ ಲಕ್ಷಣ. ಇವತ್ತು ಅಸ್ಸಾಮಿಗೆ ಹೋಗಿ ನೋಡಬೇಕಾದ ಪ್ರಾಣಿ ಒಂದು ಕಾಲಕ್ಕೆ ಗೋಕಾಕದ ಬಯಲಿನಲ್ಲಿ ಮೇಯುತ್ತಿತ್ತು.

ಘೇಂಡಾಮೃಗ ಎಂದು ಗುರುತಿಸುವುದು ಅರ್ಧ ಕೆಲಸ. ಯಾವ ಘೇಂಡಾಮೃಗ? ಆಗ ತಿಳಿದಿದ್ದ ಜೀವಂತ ಜಾತಿಗಳು ಕೆಲವು, ಶಿವಾಲಿಕ ಗುಡ್ಡಗಳಲ್ಲಿ ಸಿಕ್ಕ ಅಳಿದ ಜಾತಿಗಳು ಕೆಲವು. ಅಂಟಿದ ಮಣ್ಣನ್ನು ಬಿಡಿಸಿ, ಚೂರುಗಳನ್ನು ಜೋಡಿಸಿ, ಪ್ರತಿ ಹಲ್ಲನ್ನೂ ಅಳೆದು, ಗೊತ್ತಿರುವ ಒಂದೊಂದರ ಜೊತೆಗೂ ಹೋಲಿಸಿ, ಇದು ಅದಲ್ಲ, ಅದೂ ಅಲ್ಲ ಎಂದು ತೋರಿಸಬೇಕು. ಉಳಿದ ವ್ಯತ್ಯಾಸ ಹೊಸ ಹೆಸರು ಕೊಡುವಷ್ಟು ಇದೆಯೇ ಎಂದು ತೂಗಬೇಕು. ಚಿತ್ರ ಬರೆಸಬೇಕು. ಮುಂದೆ ಯಾರಾದರೂ ನೀನು ತಪ್ಪು ಎನ್ನಲು ಬಂದರೆ ನೋಡಲಿ ಎಂದು ಆ ಮೂಳೆಗಳನ್ನು ಜೋಪಾನವಾಗಿಡಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ತಪ್ಪು ಕಂಡುಹಿಡಿದವನು ಅದು ಯಾವ ಪರಿಸ್ಥಿತಿಯಲ್ಲಿ ಕಂಡಿತು ಎಂದು ಬರೆಯದಿದ್ದರೆ ಆ ದೂರನ್ನು ವಾಪಸು ಕಳಿಸುತ್ತೇವೆ, ಹಾಗೆಯೇ. ಫೂಟ್ ಬಂಡೆಗಳ ನಕ್ಷೆ ಮಾಡುವವರು, ಪ್ರಾಣಿಗಳ ಮೂಳೆ ಅವರ ಕಸುಬಲ್ಲ. ಆದರೂ ಈ ಕೆಲಸವನ್ನೆಲ್ಲ ಮಾಡಿ, ದಖ್ಖನ್ ಹೆಸರು ಬರುವಂತೆ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. 1874ರಲ್ಲಿ ಅದು ಪ್ಯಾಲಿಯಂಟೊಲೊಜಿಯಾ ಇಂಡಿಕಾ ಎಂಬ ಇಲಾಖೆಯ ಮಾಲೆಯಲ್ಲಿ ಪ್ರಕಟವಾಯಿತು. ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆಗೆಂದು ಆ ಮಾಲೆಯಲ್ಲಿ ತೆರೆದ ಸರಣಿಯ ಮೊಟ್ಟಮೊದಲ ಭಾಗವೇ ನಮ್ಮ ಗೋಕಾಕದ ಘೇಂಡಾಮೃಗ.

ನನ್ನ ಟ್ರೈಲೋಬೈಟ್ ಕೊನೆಗೂ ಸಿಕ್ಕಿದ್ದು ಇದೇ ಮಾಲೆಯಲ್ಲಿ. ಹಿಮಾಲಯದ ಸ್ಪಿತಿಯಲ್ಲಿ ಇದೇ ಇಲಾಖೆಯ ಹೇಡನ್ ಎಂಬವರು ಕಲ್ಲು ಒಡೆದು ಸಂಗ್ರಹಿಸಿದ ಟ್ರೈಲೋಬೈಟ್‌ಗಳನ್ನು ಕೌಪರ್ ರೀಡ್ ಎಂಬ ಪಂಡಿತರು ಪರೀಕ್ಷಿಸಿ 1910ರಲ್ಲಿ ವರ್ಣಿಸಿದರು. ಅದು ಘೇಂಡಾಮೃಗಕ್ಕಿಂತ ಕಷ್ಟದ ಕೆಲಸ. ಟ್ರೈಲೋಬೈಟ್ ಏಡಿಯ ಹಾಗೆ ಚಿಪ್ಪು ಕಳಚುತ್ತ ಬೆಳೆಯುತ್ತಿತ್ತು. ಹಾಗಾಗಿ ಕಲ್ಲಿನಲ್ಲಿ ಇಡೀ ಪ್ರಾಣಿ ಸಿಗುವುದು ಅಪರೂಪ, ತಲೆಯ ಚಿಪ್ಪು ಒಂದು ಕಡೆ, ಬಾಲದ ಚಿಪ್ಪು ಇನ್ನೊಂದು ಕಡೆ. ಯಾವ ತಲೆಗೆ ಯಾವ ಬಾಲ ಎಂದು ಹೇಳಬೇಕಾದರೆ ಎರಡೂ ಒಂದೇ ಪದರದಲ್ಲಿ ಜೊತೆಯಾಗಿ ಮತ್ತೆ ಮತ್ತೆ ಸಿಗುತ್ತವೆಯೇ ಎಂದು ನೋಡಬೇಕು. ತಲೆಯ ನಡುವಿನ ಉಬ್ಬು ಹೇಗಿದೆ, ಅದರ ಮೇಲೆ ಎಷ್ಟು ಗೀರು, ಕಣ್ಣು ಎಲ್ಲಿ, ನಡುಭಾಗದಲ್ಲಿ ಎಷ್ಟು ಪಟ್ಟಿ, ಅಂಚಿನಲ್ಲಿ ಮುಳ್ಳು ಇದೆಯೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸುಮಾರು ನೂರು ವರ್ಷದ ಮೇಲೆ ಹೊಸ ಸಂಶೋಧಕರು ಅದೇ ಸ್ಪಿತಿಯ ಪರಾಹಿಯೊ ಕಣಿವೆಗೆ ಹೋಗಿ, ಪದರಗಳನ್ನು ಮತ್ತೆ ಅಳೆದು, ಹಳೆಯ ಹೆಸರುಗಳನ್ನು ತಿದ್ದಿ, ಹೊಸ ಪ್ರಭೇದಗಳನ್ನು ಸೇರಿಸಿದರು.

ಇಲ್ಲಿ ನನ್ನದೊಂದು ದಡ್ಡತನ ಹೇಳಿಬಿಡುತ್ತೇನೆ. ಮೊದಲ ಸಂಬಳದ ಉತ್ಸಾಹದಲ್ಲಿ ಒಬ್ಬ ವ್ಯಾಪಾರಿಯಿಂದ ಒಂದು ಟ್ರೈಲೋಬೈಟ್ ಕೊಂಡಿದ್ದೆ. ಮೊರಾಕ್ಕೊ ದೇಶದ್ದು ಎಂದು ಚೀಟಿ ಇತ್ತು, ಅಷ್ಟೇ. ಯಾವ ಊರು, ಯಾವ ಪದರ, ಏನೂ ಇಲ್ಲ. ಬಹಳ ದಿನ ಮೇಜಿನ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದೆ. ಒಂದು ದಿನ ಭೂವಿಜ್ಞಾನ ಓದಿದ ಗೆಳೆಯ ಮಸೂರದಲ್ಲಿ ನೋಡಿ, ಬೆನ್ನಿನ ಮೇಲೆ ಸಣ್ಣ ಸಣ್ಣ ಗಾಳಿಗುಳ್ಳೆಯ ತೂತುಗಳಿವೆ, ಇದು ರಾಳ ಸುರಿದು ಅಚ್ಚು ತೆಗೆದದ್ದು ಎಂದ. ಕಲ್ಲು ಮಾತ್ರ ನಿಜದ್ದು. ನನ್ನ ಸರ್ ಇದ್ದಿದ್ದರೆ ದುಡ್ಡು ಕೊಡುವ ಮೊದಲೇ ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು.

ಫೂಟ್ ಅವರ ಕಥೆಗೆ ಮರಳೋಣ. ಘೇಂಡಾಮೃಗ ಸಿಕ್ಕ ಸೀಮೆಯಲ್ಲೇ, ಮಲಪ್ರಭೆಯ ದಂಡೆಯ ಗರಸಿನಲ್ಲಿ ಅವರಿಗೆ ಹಳೆ ಶಿಲಾಯುಗದ ಆಯುಧಗಳೂ ಸಿಕ್ಕವು. ಬಾದಾಮಿ ಕಡೆಯ ಖ್ಯಾಡ ಎಂಬ ಊರಿನ ಹೆಸರು ಆ ಸಂಬಂಧವಾಗಿ ಪುಸ್ತಕಗಳಲ್ಲಿ ಉಳಿದಿದೆ. ಮಲಪ್ರಭೆಗೆ ಬಂದು ಸೇರುವ ಬೆಣ್ಣಿಹಳ್ಳ ಹುಟ್ಟುವುದು ನಮ್ಮ ಶಿಗ್ಗಾಂವಿ ತಾಲೂಕಿನ ದುಂಡಶಿ ಹತ್ತಿರ ಎನ್ನುವುದನ್ನು ನೆನೆದರೆ ಖುಷಿಯಾಗುತ್ತದೆ. ನದಿ ತಂದ ಗರಸಿನಲ್ಲಿ ಮನುಷ್ಯ ಕೆತ್ತಿದ ಕಲ್ಲನ್ನು ಬೇರೆ ಮಾಡುವುದು ಹೇಗೆ? ನೀರು ಉರುಳಿಸಿದ ಕಲ್ಲು ಎಲ್ಲ ಕಡೆ ದುಂಡಗಾಗುತ್ತದೆ. ಮನುಷ್ಯ ಏಟು ಕೊಟ್ಟ ಕಲ್ಲಿನಲ್ಲಿ ಚಕ್ಕೆ ಎದ್ದ ಗುಳಿಗಳು ಎರಡೂ ಮೈಯಿಂದ ಒಂದೇ ಅಂಚಿಗೆ ಬಂದು ಸೇರುತ್ತವೆ. ಒಮ್ಮೆ ಕಣ್ಣಿಗೆ ರೂಢಿಯಾದರೆ ಮರೆಯುವುದಿಲ್ಲ ಎನ್ನುತ್ತಾರೆ. ಮುಂದೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರದಲ್ಲಿ ಅಗೆದಾಗ, ಅಲ್ಲಿನ ಆದಿಮಾನವರು ಸುಣ್ಣದ ಕಲ್ಲಿನ ಹಾಸುಗಳನ್ನೇ ಒಡೆದು ಕೈಕೊಡಲಿ ಮಾಡಿಕೊಂಡಿದ್ದು ಕಂಡುಬಂತು. ನಾವು ಓಡಾಡಲು ಹಾಸಿಕೊಂಡದ್ದನ್ನು ಅವರು ಆಯುಧ ಮಾಡಿಕೊಂಡಿದ್ದರು.

1874ರಲ್ಲೇ ಫೂಟ್ ಗದಗ ಕಡೆಯ ಡಂಬಳದ ಗುಡ್ಡಗಳ, ಅಂದರೆ ಕಪ್ಪತಗುಡ್ಡದ, ಚಿನ್ನದ ಬಗ್ಗೆಯೂ ಬರೆದರು. ಹಳ್ಳದ ಮರಳು ತೊಳೆದು ಚಿನ್ನದ ಪುಡಿ ತೆಗೆಯುವ ಜಲಗಾರರು ಆಗ ಅಲ್ಲಿ ಇದ್ದರು. ಆ ಬಂಡೆಗಳ ಬೆನ್ನು ಹತ್ತಿ ಹೋದದ್ದೇ ಅವರ ದೊಡ್ಡ ಸಾಧನೆಗೆ ದಾರಿಯಾಯಿತು. ಕೋಲಾರ, ಗದಗ, ಸೊಂಡೂರು, ಶಿವಮೊಗ್ಗ, ಧಾರವಾಡ ಎಂದು ಬೇರೆ ಬೇರೆ ಕಡೆ ಪಟ್ಟಿ ಪಟ್ಟಿಯಾಗಿ ಹಬ್ಬಿರುವ ಕಪ್ಪು, ಹಸಿರು ಕಲ್ಲುಗಳು ಒಂದೇ ಕುಟುಂಬದವು, ಸುತ್ತಲಿನ ಬೇರೆ ಕಲ್ಲಿನ ನಡುವೆ ಮಡಚಿ ಉಳಿದವು, ಚಿನ್ನ ಇರುವುದು ಹೆಚ್ಚಾಗಿ ಇವುಗಳಲ್ಲೇ ಎಂದು ಅವರು ಗುರುತಿಸಿದರು. 1880ರ ದಶಕದಲ್ಲಿ ಇಡೀ ಕುಟುಂಬಕ್ಕೆ ಧಾರವಾಡದ ಹೆಸರು ಕೊಟ್ಟರು. ಇಂದಿಗೂ ಜಗತ್ತಿನ ಯಾವ ಭೂವಿಜ್ಞಾನಿಯನ್ನು ಕೇಳಿದರೂ ಧಾರವಾಡ ಎಂಬ ಹೆಸರು ಗೊತ್ತಿರುತ್ತದೆ, ಪೇಢೆಯಿಂದಲ್ಲ, ಕಲ್ಲಿನಿಂದ. ಆ ಪಟ್ಟಿಗಳಲ್ಲಿ ಧಾರವಾಡದಿಂದ ಶಿವಮೊಗ್ಗಕ್ಕೆ ಹೋಗುವುದು ನಮ್ಮ ಸೀಮೆಯನ್ನು ಹಾಯ್ದೇ ಹೋಗುತ್ತದೆ. ನಮ್ಮ ಹೊಲದ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಹಾನಗಲ್ಲಿನ ತಾರಕೇಶ್ವರ ಗುಡಿಯ, ಬಂಕಾಪುರದ ನಗರೇಶ್ವರ ಗುಡಿಯ ಕುಸುರಿಗೆ ಒದಗಿದ ಹಸಿರುಗಪ್ಪಿನ ಮೆತ್ತನೆಯ ಕಲ್ಲು ಕೂಡ ಈ ಕುಟುಂಬದ್ದೇ.

ಬಳ್ಳಾರಿ ಜಿಲ್ಲೆಯ ಕೆಲಸದ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವ ಶಿಲಾಯುಗದವರು ಕೊಡಲಿ ತಯಾರಿಸುತ್ತಿದ್ದ ಜಾಗವನ್ನೇ ಅವರು ಗುರುತಿಸಿದರು. ಆ ಕಡೆಯ ಬೂದಿಗುಡ್ಡಗಳನ್ನು ಜನ ರಾಕ್ಷಸರ ಮೂಳೆ ಸುಟ್ಟ ಬೂದಿ ಎನ್ನುತ್ತಿದ್ದರು. ಅದು ದನದ ಸಗಣಿ ಸುಟ್ಟ ಬೂದಿ, ದನ ಸಾಕಿದ ನವ ಶಿಲಾಯುಗದ ಜನರದ್ದು ಎಂದು ಫೂಟ್ ವಾದಿಸಿದರು. ಬಹಳ ಕಾಲದ ನಂತರ ಅಗೆತಗಳು ಅವರ ಮಾತೇ ಸರಿ ಎಂದು ತೋರಿಸಿದವು. ಎಲ್ಲವೂ ಸರಿಯಾಗಲಿಲ್ಲ ಅನ್ನಿ. ಹಳೆ ಮತ್ತು ಹೊಸ ಶಿಲಾಯುಗಗಳ ನಡುವೆ ಈ ನಾಡಿನಲ್ಲಿ ಮನುಷ್ಯರೇ ಇಲ್ಲದ ದೊಡ್ಡ ಅಂತರ ಇತ್ತು ಎಂದು ಅವರು ನಂಬಿದ್ದರು. ಆ ಅಂತರವನ್ನು ಮುಂದಿನವರು ಸಣ್ಣ ಕಲ್ಲಾಯುಧಗಳ ಕಾಲದಿಂದ ತುಂಬಿದರು. ಅವರನ್ನು ತಿದ್ದಲು ಬೇಕಾದ ಪುರಾವೆಯಲ್ಲಿ ಅವರದೇ ಸಂಗ್ರಹವೂ ಇತ್ತು ಎನ್ನುವುದು ನನಗೆ ಇಷ್ಟವಾದ ಸಂಗತಿ.

ಸುಣ್ಣದ ಕಲ್ಲು ಅವರನ್ನು ಪೂರ್ತಿ ಬರಿಗೈಯಲ್ಲೂ ಕಳಿಸಲಿಲ್ಲ. ಕರ್ನೂಲು ಜಿಲ್ಲೆಯ ಬೇತಂಚೆರ್ಲ ಹತ್ತಿರ ಬಿಲ್ಲ ಸುರ್ಗಂ ಎಂಬ ಸುಣ್ಣದ ಕಲ್ಲಿನ ಗುಹೆಗಳಿವೆ. ಯುರೋಪಿನ ಗುಹೆಗಳ ಹಾಗೆ ಇಲ್ಲೂ ಆದಿಮಾನವರ ಗುರುತು ಸಿಗಬಹುದೆಂದು 1880ರ ದಶಕದ ನಡುವೆ ಅವುಗಳನ್ನು ಅಗೆದರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಮಗ ಹೆನ್ರಿಯನ್ನೂ ಈ ಕೆಲಸಕ್ಕೆ ಹಚ್ಚಿದರು. ಕೆಂಪು ಮಣ್ಣಿನಲ್ಲಿ ರಾಶಿ ರಾಶಿ ಮೂಳೆ ಸಿಕ್ಕವು. ಅವನ್ನು ಗುರುತಿಸುವ ಕೆಲಸವನ್ನು ರಿಚರ್ಡ್ ಲಿಡೆಕ್ಕರ್ ಎಂಬ ಪ್ರಾಣಿತಜ್ಞರು ಮಾಡಿದರು. ಅದರಲ್ಲೊಂದು ಹೊಸ ಘೇಂಡಾಮೃಗ, 1886ರಲ್ಲಿ ಅದಕ್ಕೆ ಕರ್ನೂಲಿನ ಹೆಸರು ಬಂತು.

1891ರಲ್ಲಿ ಇಲಾಖೆಯಿಂದ ನಿವೃತ್ತರಾದರು. ಮೂವತ್ತಮೂರು ವರ್ಷ ಬಿಸಿಲಲ್ಲಿ ಅಲೆದವರು ಊರಿಗೆ ಮರಳಿ ತಣ್ಣಗೆ ಇರಬಹುದಿತ್ತು. ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಆಮೇಲೆ ಸೇಲಂ ಮೇಲಿನ ಯೇರ್ಕಾಡು ಬೆಟ್ಟದಲ್ಲಿ ನೆಲೆಸಿದರು. ತಮಿಳು ಪಂಡಿತರಾಗಿದ್ದ ಅವರ ಮಾವ ಪೀಟರ್ ಪರ್ಸಿವಲ್ ಅವರೂ ಕೊನೆಗಾಲ ಕಳೆದದ್ದು ಅಲ್ಲಿಯೇ. ಆ ಬೆಟ್ಟದ ಊರುಗಳಲ್ಲಿ ನುಣುಪಾದ ಕಲ್ಲುಕೊಡಲಿಗಳನ್ನು ಜನ ಗಣಪತಿಯ ಚಿಕ್ಕ ಗುಡಿಗಳಲ್ಲಿಟ್ಟು ಪೂಜಿಸುತ್ತಿದ್ದರು.

ನಾಲ್ಕು ದಶಕ ಕೂಡಿಸಿದ ಕಲ್ಲು, ಮಡಕೆ ಚೂರು, ಕಬ್ಬಿಣದ ತುಂಡುಗಳನ್ನೆಲ್ಲ 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ನಾಲ್ಕುನೂರಕ್ಕೂ ಹೆಚ್ಚು ನೆಲೆಗಳ ವಸ್ತುಗಳು. ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಒಂದೊಂದು ವಸ್ತುವೂ ಯಾವ ಜಿಲ್ಲೆ, ಯಾವ ಊರು, ಹಳ್ಳದ್ದೋ ಗುಡ್ಡದ್ದೋ ಎಂದು ಪಟ್ಟಿ ಬರೆಯಲು ಕೂತರು. ಕಣ್ಣಿನ ಮುಂದಿರುವ ಕಲ್ಲನ್ನು ನೋಡಿ ಮೂವತ್ತು ವರ್ಷದ ಹಿಂದಿನ ಹಳ್ಳವನ್ನು ಹೇಳಬೇಕೆಂದರೆ ನೆನಪೊಂದೇ ಸಾಲದು, ಅಂದು ಬರೆದ ಚೀಟಿ ಇರಬೇಕು. ಅವರಲ್ಲಿ ಚೀಟಿ ಇತ್ತು. ವಸ್ತುಗಳ ಪಟ್ಟಿ 1914ರಲ್ಲಿ, ಅವುಗಳ ಕಾಲ ಮತ್ತು ಹಂಚಿಕೆಯ ಬಗ್ಗೆ ಬರೆದ ಟಿಪ್ಪಣಿಗಳ ಸಂಪುಟ 1916ರಲ್ಲಿ ಅಚ್ಚಾದವು. ಎರಡನ್ನೂ ಅವರು ನೋಡಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರ ಸ್ಮಾರಕ ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನ ಅಂಗಳದಲ್ಲಿದೆ.

ಈಗ ನನ್ನ ಕಲ್ಲಿನ ವಿಷಯ. ಮಹೋತ್ಸವದ ತಯಾರಿಗೆಂದು ಕಳೆದ ಬಾರಿ ಊರಿಗೆ ಬಂದಾಗ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರು ಸಂತೋಷದಿಂದ ಪ್ರಯೋಗಶಾಲೆ ತೆರೆಸಿದರು. ಅದೇ ಕಪಾಟು, ಕೆಳಗಿನ ಖಾನೆಯಲ್ಲಿ ಗಾಜಿನ ಜಾಡಿಗಳ ಹಿಂದೆ ಕಲ್ಲು ಇನ್ನೂ ಇತ್ತು. ಇಷ್ಟು ವರ್ಷ ಯಾರೂ ಬಿಸಾಡದೆ ಉಳಿಸಿದ್ದಾರಲ್ಲ ಎಂದು ಕಣ್ಣು ತುಂಬಿತು. ಕೈಗೆತ್ತಿಕೊಂಡು ಉಜ್ಜಿ ನೋಡಿದೆ, ಸಂಶಯವೇ ಇಲ್ಲ, ನವ ಶಿಲಾಯುಗದ ಕೊಡಲಿ. ಆದರೆ ಅದರ ಮೇಲೆ ಚೀಟಿ ಇರಲಿಲ್ಲ, ನಾನು ಬರೆಯಲೇ ಇಲ್ಲ. ಎಷ್ಟು ನೆನಪು ಮಾಡಿಕೊಂಡರೂ ಎರಡು ಚಿತ್ರ ಬರುತ್ತವೆ. ಒಂದರಲ್ಲಿ ವರದಾ ನದಿಯ ದಂಡೆಯಲ್ಲಿ ಗೆಳೆಯರ ಜೊತೆ ಈಜಲು ಹೋದಾಗ ಮರಳಿನಲ್ಲಿ ಕಾಲಿಗೆ ತಾಗಿದ್ದು. ಇನ್ನೊಂದರಲ್ಲಿ ಹಿರೇಕೆರೂರು ಕಡೆಯ ನನ್ನ ಸೋದರಮಾವನ ಹೊಲದಲ್ಲಿ, ಗೋವಿನಜೋಳ ಮುರಿಯುವಾಗ ಬದುವಿನ ಮೇಲೆ ಸಿಕ್ಕಿದ್ದು. ಮಾವ ಈಗಿಲ್ಲ. ಸರ್ ಕೂಡ ತೀರಿಹೋಗಿ ಆರು ವರ್ಷವಾಯಿತು. ನದಿಯಲ್ಲಿ ಸಿಕ್ಕಿದ್ದಾದರೆ ಅದು ಎಲ್ಲಿಂದಲೋ ಉರುಳಿ ಬಂದದ್ದು. ಹೊಲದಲ್ಲಿ ಸಿಕ್ಕಿದ್ದಾದರೆ ಆ ಬದುವಿನ ಸುತ್ತ ಮೂರು ನಾಲ್ಕು ಸಾವಿರ ವರ್ಷದ ಹಿಂದೆ ಒಂದು ಊರೇ ಇದ್ದಿರಬಹುದು.

ಕಲ್ಲಿನ ಅಂಚುಗಳು ನೀರಿನಲ್ಲಿ ಸವೆದ ಹಾಗೆ ಕಾಣುವುದಿಲ್ಲ. ಆದರೆ ಅಷ್ಟರಿಂದಲೇ ಹೊಲದ್ದೆಂದು ಬರೆಯಲು ಕೈ ಬರಲಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಒಂದು ಚೀಟಿಯಲ್ಲಿ ನನ್ನ ಹೆಸರು, ಓದಿದ ವರ್ಷ, ಎರಡೂ ಜಾಗಗಳ ಹೆಸರು, ಖಚಿತವಿಲ್ಲ ಎಂಬ ಮಾತು ಬರೆದು ಅಂಟಿಸಿ ಬಂದಿದ್ದೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ನನ್ನ ಜೊತೆ ವರದಾ ನದಿಗೆ ಈಜಲು ಬರುತ್ತಿದ್ದ ಗೆಳೆಯರು, ಆ ಸುಗ್ಗಿಯಲ್ಲಿ ಮಾವನ ಹೊಲಕ್ಕೆ ಕೂಲಿಗೆ ಬಂದಿದ್ದ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದನ್ನು ಓದಿ, ಆ ಹುಡುಗನ ಕೈಯಲ್ಲಿ ಒಂದು ನುಣುಪಾದ ಕರಿಕಲ್ಲು ನೋಡಿದ್ದು ನೆನಪಾದರೆ, ದಯವಿಟ್ಟು ಶಾಲೆಗೆ ಬಂದು ಹೇಳಿ. ಚೀಟಿಯ ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.